ಗುಡುಗಿದರೆ ಫೋನಿನ ವಯರು ತೆಗಿ

ನಮ್ಮಮ್ಮ ಬೆಳಿಗ್ಗೆ ಎದ್ದು ಒಲೆ ಹಚ್ಚುವ ಮೊದಲು ಒಂದು ಕೆಲಸ ಮಾಡುತ್ತಾಳೆ. ನಡುಮನೆಯ ಗೋಡೆಗೂಡಿನಲ್ಲಿರುವ ಫೋನಿನ ರಿಸೀವರ್ ಎತ್ತಿ ಕಿವಿಗೆ ಹಿಡಿಯುತ್ತಾಳೆ. ಯಾರಿಗೂ ಫೋನ್ ಮಾಡುವುದಿಲ್ಲ. ಎರಡು ಕ್ಷಣ ಕೇಳಿ, 'ಇದೆ' ಅಂತ ತನಗೆ ತಾನೇ ಹೇಳಿಕೊಂಡು ಕೆಳಗಿಡುತ್ತಾಳೆ. ಗುಡ್ಡದ ಅಬ್ಬಿ ನೀರು ಬರ್ತಾ ಇದೆಯಾ ಅಂತ ತೊಟ್ಟಿ ಇಣುಕಿ ನೋಡುತ್ತಾಳಲ್ಲ, ಇದೂ ಹಾಗೇ. ನೀರು ಇದೆ, ಫೋನು ಇದೆ, ಇನ್ನು ದಿನ ಶುರು ಮಾಡಬಹುದು.

ತೀರ್ಥಹಳ್ಳಿಯಿಂದ ಕೊಪ್ಪಕ್ಕೆ ಹೋಗುವ ರಸ್ತೆ ಬಿಟ್ಟು ಮೂರು ಕಿಲೋಮೀಟರ್ ಒಳಗೆ ನಮ್ಮ ಮನೆ. ಸುತ್ತ ಅಡಿಕೆ ತೋಟ, ಹಿಂದೆ ಗುಡ್ಡ. ಈ ಕಾಲದಲ್ಲೂ ಮನೆಗೊಂದು ವಯರಿನ ಫೋನು ಯಾಕೆ ಅಂತ ಬೆಂಗಳೂರಿನ ಸ್ನೇಹಿತರು ಕೇಳುತ್ತಾರೆ. ಮೊಬೈಲ್ ಇಲ್ವಾ? ಇದೆ. ಮನೆಯಲ್ಲಿ ನಾಲ್ಕು ಇವೆ. ಸಿಗ್ನಲ್ ಮಾತ್ರ ಗುಡ್ಡದ ನೆತ್ತಿಯ ಹಲಸಿನ ಮರದ ಬುಡದಲ್ಲಿದೆ. ಹತ್ತು ನಿಮಿಷ ಹತ್ತಬೇಕು. ಅಲ್ಲದೆ ಅಡಿಕೆ ಸುಲಿಯುವ ಕಾಲದಲ್ಲಿ ಅಮ್ಮನ ಬೆರಳಿಗೆ ಚೊಗರು ಹಿಡಿದು ಕಪ್ಪಾಗಿರುತ್ತದೆ. ಆ ಬೆರಳಿಗೆ ಟಚ್ ಸ್ಕ್ರೀನು ಮಣಿಯುವುದೇ ಇಲ್ಲ. ಗಟ್ಟಿಯಾಗಿ ಒತ್ತುವ ಗುಂಡಿ ಇರಬೇಕು, ಕುಕ್ಕಿ ಇಡುವ ರಿಸೀವರ್ ಇರಬೇಕು.

ಹೋದ ವರ್ಷ ಫೆಬ್ರವರಿಯಲ್ಲಿ ಆ ಫೋನಿನ ತಾಮ್ರದ ಲೈನು ತೆಗೆಸಿ ಫೈಬರ್ ಹಾಕಿಸಿದೆವು. ನಂಬರು ಅದೇ. ಗೋಡೆಗೂಡೂ ಅದೇ. ಏನೂ ಬದಲಾಗಲ್ಲ ಅಂತ ಅಮ್ಮನಿಗೆ ಹೇಳಿದ್ದು ನಾನೇ. ಆಮೇಲೆ ಆ ಮಾತನ್ನು ಸುಮಾರು ಸಲ ನುಂಗಬೇಕಾಯಿತು.

ಮೊದಲು ಹಳೆಯ ಫೋನಿನ ಕತೆ ಸ್ವಲ್ಪ ಹೇಳಿಬಿಡುತ್ತೇನೆ.

ಒಂದು ಫೋನಿನ ಲೈನನ್ನು ಇನ್ನೊಂದಕ್ಕೆ ಸೇರಿಸುವ ಯಂತ್ರವೇ ಎಕ್ಸ್‌ಚೇಂಜು. ಹಳ್ಳಿಗಳಿಗೆ ತಕ್ಕ ಪುಟ್ಟ ಎಕ್ಸ್‌ಚೇಂಜನ್ನು ನಮ್ಮ ದೇಶದಲ್ಲೇ ಮಾಡಿದ್ದು 1984ರಲ್ಲಿ ಶುರುವಾದ ಸಿ-ಡಾಟ್ ಅನ್ನುವ ಸರ್ಕಾರಿ ಸಂಶೋಧನಾ ಸಂಸ್ಥೆ. ಅದನ್ನು ಕಟ್ಟಿದ ಸ್ಯಾಮ್ ಪಿತ್ರೋಡಾ ಹೆಸರು ಕೇಳಿರುತ್ತೀರಿ. 128 ಲೈನಿನ ಆ ಯಂತ್ರಕ್ಕೆ ಏಸಿ ಬೇಕಿರಲಿಲ್ಲ, ಸೆಕೆ ಧೂಳು ತಡೆದುಕೊಳ್ಳುತ್ತಿತ್ತು. ಅದರಲ್ಲಿ ಮೊದಲನೆಯದನ್ನು ಕೂರಿಸಿದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಕಿತ್ತೂರು ಅಂದರೆ ಚೆನ್ನಮ್ಮ ಅಂತಷ್ಟೇ ನಮಗೆ ನೆನಪು, ಅಲ್ವಾ? ಅದಾದ ಕೆಲವು ವರ್ಷಕ್ಕೆ ನಮ್ಮ ಕಡೆಗೂ ಅಂಥದ್ದೊಂದು ಬಂತು. ಹಂಚಿನ ಮಾಡಿನ ಕಟ್ಟಡ, ಒಳಗೆ ಒಂದು ಕಪಾಟು, ಪಕ್ಕದ ಕೋಣೆಯಲ್ಲಿ ಸಾಲಾಗಿ ಬ್ಯಾಟರಿ. ನಾನು ಆಗ ಮೂರನೇ ಕ್ಲಾಸು. ಮನೆಗೆ ಬಂದ ಫೋನು ಕಪ್ಪು ಬಣ್ಣದ್ದು, ಬೆರಳು ಹಾಕಿ ತಿರುಗಿಸುವ ಡಯಲಿನದು. ತಿರುಗಿಸಿ ಅಡಿಯಲ್ಲಿ ನೋಡಿದರೆ ಐಟಿಐ ಅಂತ ಇತ್ತು, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. ಬೆಂಗಳೂರಿನಲ್ಲಿ 1948ರಲ್ಲಿ ಶುರುವಾದ ಆ ಕಾರ್ಖಾನೆಯಿಂದಾಗಿ ಒಂದು ಬಡಾವಣೆಗೆ ದೂರವಾಣಿನಗರ ಅಂತಲೇ ಹೆಸರು ಬಿದ್ದಿದೆ.

ಎಂಟು ಮನೆಗೆ ನಮ್ಮದೊಂದೇ ಫೋನು. ಊರಿನ ಮದುವೆ ಕಾಗದಗಳಲ್ಲೆಲ್ಲ ನಮ್ಮ ನಂಬರು, ಪಕ್ಕದಲ್ಲಿ 'ಪಿ.ಪಿ.' ಅನ್ನುವ ಎರಡಕ್ಷರ. ಅಂದರೆ, ಇದು ನಮ್ಮ ಫೋನಲ್ಲ, ಮಾಡಿದರೆ ಕರೆದುಕೊಡುತ್ತಾರೆ. ಕರೆಯಲು ಓಡುತ್ತಿದ್ದದ್ದು ನಾನು ಮತ್ತು ಅಣ್ಣ. 'ಐದು ನಿಮಿಷ ಬಿಟ್ಟು ಮಾಡಿ' ಅಂತ ಹೇಳಿ ರಿಸೀವರ್ ಇಟ್ಟು, ಸಂಕ ದಾಟಿ, ತೋಟದ ಅಗಳು ಹಾರಿ ಓಡುವುದು. ಕೆಲವರು ಬಂದು ಕೂತು, ಫೋನು ಮುಗಿಸಿ, ಕಾಫಿ ಕುಡಿದು, ಊಟದ ಹೊತ್ತಿಗೆ ಏಳುತ್ತಿದ್ದರು.

ಬಿಲ್ ಜಾಸ್ತಿ ಬಂತು ಅಂತ ಅಪ್ಪ ಒಮ್ಮೆ ಡಯಲಿಗೆ ಪುಟ್ಟ ಬೀಗ ಹಾಕಿದ. ಅಣ್ಣ ಅದಕ್ಕೂ ದಾರಿ ಕಂಡುಹಿಡಿದ. ಡಯಲ್ ತಿರುಗಿಸಿದಾಗ ನಿಜವಾಗಿ ಆಗುವುದು ಇಷ್ಟೇ: ಲೈನು ಅಷ್ಟು ಸಲ ಕಟ್ ಆಗಿ ಮತ್ತೆ ಸೇರುತ್ತದೆ. ಮೂರು ತಿರುಗಿಸಿದರೆ ಮೂರು ಸಲ, ಸೊನ್ನೆಗೆ ಹತ್ತು ಸಲ. ಹಾಗಾದರೆ ರಿಸೀವರ್ ಇಡುವ ಗುಬುಟನ್ನೇ ಅಷ್ಟು ಸಲ ಟಕ ಟಕ ಒತ್ತಿದರೂ ನಡೆಯುತ್ತದೆ! ಬೀಗ ಬೀಗದ ಪಾಡಿಗೆ ನೇತಾಡುತ್ತಿತ್ತು, ಅಣ್ಣ ತೀರ್ಥಹಳ್ಳಿಯ ಗೆಳೆಯನ ಹತ್ತಿರ ಕ್ರಿಕೆಟ್ ಸ್ಕೋರ್ ಕೇಳುತ್ತಿದ್ದ. ಅಪ್ಪನಿಗೆ ಕೊನೆವರೆಗೂ ಇದು ಗೊತ್ತಾಗಲಿಲ್ಲ. ಗೊತ್ತಾಗಿಯೂ ಸುಮ್ಮನಿದ್ದನೋ ಏನೋ.

ಆ ಲೈನಿನ ನಿಜವಾದ ಸಂಗತಿ ನನಗೆ ಅರ್ಥವಾದದ್ದು ಅದು ಹೋದ ಮೇಲೆ. ಮನೆಯ ಫೋನಿಗೆ ಬೇಕಾದ ಕರೆಂಟು ನಮ್ಮ ಮನೆಯದಾಗಿರಲಿಲ್ಲ. ಆರು ಕಿಲೋಮೀಟರ್ ಆಚೆಯ ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟು, ಎರಡೆಳೆ ತಾಮ್ರದಲ್ಲಿ ಹರಿದು ಬರುತ್ತಿತ್ತು. ಗಂಟೆ ಹೊಡೆಯುವಾಗ 75 ವೋಲ್ಟಿನ ಆಚೀಚೆ ಏರುತ್ತಿತ್ತು. ಲೈನ್‌ಮನ್ ಕಂಬದ ಮೇಲೆ ಕೂತು ಹಲ್ಲಿನಲ್ಲಿ ವಯರಿನ ಸಿಪ್ಪೆ ಸುಲಿಯುವಾಗ ಯಾರಾದರೂ ಫೋನ್ ಮಾಡಿಬಿಟ್ಟರೆ ಅವರ ಬಾಯಿಂದ ಬರುತ್ತಿದ್ದ ಮಾತು ಇಲ್ಲಿ ಬರೆಯುವ ಹಾಗಿಲ್ಲ. ಊರಿಡೀ ಕರೆಂಟಿಲ್ಲದ ರಾತ್ರಿ, ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಆ ಫೋನು ಟ್ರಿಣ್ ಅನ್ನುತ್ತಿತ್ತು. ನಾವು ಅದನ್ನು ಸಹಜ ಅಂದುಕೊಂಡಿದ್ದೆವು. ಬಾವಿಯಲ್ಲಿ ನೀರಿರುವುದು ಸಹಜ ಅಲ್ವಾ, ಹಾಗೆ.

ತಾಮ್ರದ ಲೈನು ಸತ್ತದ್ದು ಒಂದೇ ದಿನಕ್ಕಲ್ಲ. ರಸ್ತೆ ಅಗಲ ಮಾಡುವ ಜೆಸಿಬಿ ಒಮ್ಮೆ ಕೇಬಲ್ ಕಿತ್ತಿತು. ಇನ್ನೊಮ್ಮೆ ಯಾರೋ ತಾಮ್ರಕ್ಕಾಗಿ ಕದ್ದರು. ನಮ್ಮ ಲೈನ್‌ಮನ್ ನಿವೃತ್ತಿಯಾದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ನಿವೃತ್ತಿಯಾದ ಮೇಲೂ ಎರಡು ವರ್ಷ ಅಮ್ಮ ಅವರ ಮನೆಗೇ ಹೇಳಿಕಳಿಸುತ್ತಿದ್ದಳು, ಅವರೂ ಬಂದು ಜಾಯಿಂಟು ಬಿಚ್ಚಿ ಒಣಗಿಸಿ ಕಟ್ಟಿ ಹೋಗುತ್ತಿದ್ದರು. ಕೊನೆಕೊನೆಗೆ ಮಾತಿಗಿಂತ ಗೊರಗೊರ ಜಾಸ್ತಿ. ಆಚೆ ಕಡೆಯವರ ಮಾತು ಮಳೆಯಲ್ಲಿ ಹಂಚಿನ ಮೇಲೆ ನಿಂತು ಆಡಿದ ಹಾಗೆ. ಅಷ್ಟರಲ್ಲಿ ಕರೆಂಟು ಕಂಬಗಳ ಮೇಲೆ ತೆಳ್ಳಗಿನ ಕಪ್ಪು ಕೇಬಲೊಂದು ನಮ್ಮೂರಿಗೆ ಬಂತು. ನಾನು ಊರಿನಿಂದಲೇ ಆಫೀಸಿನ ಕೆಲಸ ಮಾಡುವ ಆಸೆಯಲ್ಲಿದ್ದೆ. ಹೀಗೆ ಅಮ್ಮನ ಫೋನೂ ನನ್ನ ಇಂಟರ್ನೆಟ್ಟೂ ಒಂದೇ ಎಳೆಗೆ ಬಿದ್ದವು.

ಜೋಡಿಸಲು ಬಂದವರು ಇಬ್ಬರು ಹುಡುಗರು. ಇಪ್ಪತ್ತೆರಡು, ಇಪ್ಪತ್ಮೂರು ವಯಸ್ಸಿರಬೇಕು. ಜಗಲಿಯ ಮೇಲೆ ಪೆಟ್ಟಿಗೆ ಬಿಚ್ಚಿ ಕೂತರು. ಕಪ್ಪು ಕೇಬಲ್ ಸುಲಿದಾಗ ಒಳಗೆ ಒಂದು ಉಕ್ಕಿನ ತಂತಿ, ಅದರ ಪಕ್ಕ ಕಂಡೂ ಕಾಣದ ಒಂದು ಎಳೆ. ತಲೆಕೂದಲಿನಷ್ಟು ಸಪೂರ. ಗಾಜು. ಅದರಲ್ಲೂ ಬೆಳಕು ಓಡುವ ನಡುವಿನ ಭಾಗ ಒಂದು ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟೂ ಇಲ್ಲವಂತೆ. ಅವರಲ್ಲೊಬ್ಬ ಎಳೆಯನ್ನು ಸ್ಪಿರಿಟ್ ಹಚ್ಚಿ ಒರೆಸಿ, ಪುಟ್ಟ ಕತ್ತರಿ ಯಂತ್ರದಲ್ಲಿ ಟಕ್ ಅಂತ ಕತ್ತರಿಸಿ, ಸ್ಪ್ಲೈಸಿಂಗ್ ಮಷೀನಿನಲ್ಲಿ ಎರಡು ತುದಿ ಎದುರುಬದುರು ಇಟ್ಟ. ಮಷೀನಿನ ಪರದೆಯಲ್ಲಿ ಅವೆರಡೂ ಅಡಿಕೆ ದಬ್ಬೆಯಷ್ಟು ದಪ್ಪ ಕಂಡವು. ತಾವಾಗಿಯೇ ಮೇಲೆ ಕೆಳಗೆ ಸರಿದು ನೇರವಾದವು. ಒಂದು ಕಿಡಿ. ಎರಡು ಒಂದಾಯಿತು. ಅಮ್ಮ ಬಾಳೆಕಾಯಿ ಹೆಚ್ಚುವುದು ಬಿಟ್ಟು ನೋಡುತ್ತಾ ನಿಂತಿದ್ದಳು.

ಕತ್ತರಿಸಿ ಉಳಿದ ಚೂರುಗಳನ್ನು ಆ ಹುಡುಗ ಒಂದೊಂದಾಗಿ ಆರಿಸಿ ಪುಟ್ಟ ಡಬ್ಬಿಗೆ ಹಾಕಿಕೊಳ್ಳುತ್ತಿದ್ದ.

'ಎಂಥಕ್ಕೆ ಮಾರಾಯ ಅದು?' ಅಂದಳು ಅಮ್ಮ.

'ಕಾಲಿಗೆ ಚುಚ್ಚಿದ್ರೆ ಕಾಣಲ್ಲ ಅಮ್ಮ, ತೆಗೆಯೋಕೂ ಬರಲ್ಲ.'

ಅಷ್ಟು ಹೇಳಿದ್ದಕ್ಕೆ ಅವನಿಗೆ ಊಟ ಹಾಕದೆ ಕಳಿಸಲಿಲ್ಲ. ಜಗಲಿಯನ್ನು ಮಾತ್ರ ಮೂರು ಸಲ ಗುಡಿಸಿದಳು.

ಕೊನೆಗೆ ಬೆಳಕು ಎಷ್ಟು ಬರ್ತಾ ಇದೆ ಅಂತ ಮೀಟರ್ ಇಟ್ಟು ನೋಡಿದರು. 'ಮೈನಸ್ 21, ಚೆನ್ನಾಗಿದೆ. 27 ದಾಟಿದ್ರೆ ಕಷ್ಟ' ಅಂದ. ಅಲ್ಲಿಗೆ ಮುಗಿಯಿತು ಅನ್ನುವಾಗ ಒಟಿಪಿ ಬೇಕು ಅಂದರು. ಒಟಿಪಿ ಬರುವುದು ಅಣ್ಣನ ಮೊಬೈಲಿಗೆ. ಮೊಬೈಲಿಗೆ ಸಿಗ್ನಲ್ ಹಲಸಿನ ಮರದ ಬುಡದಲ್ಲಿ. ಅಣ್ಣ ಓಡಿದ. ನೋಡಿಕೊಂಡು ಇಳಿದು ಬರುವಷ್ಟರಲ್ಲಿ ಅವಧಿ ಮುಗಿದಿತ್ತು. ಎರಡನೇ ಸಲಕ್ಕೆ ಒಂದು ವ್ಯವಸ್ಥೆ ಮಾಡಿದೆವು. ಅಣ್ಣ ಮರದ ಕೆಳಗೆ, ಅತ್ತಿಗೆ ಅರ್ಧ ದಾರಿಯ ಗೊಬ್ಬರಗುಂಡಿ ಹತ್ತಿರ, ನಾನು ಅಂಗಳದಲ್ಲಿ. ಅಣ್ಣ ಕೂಗಿದ್ದನ್ನು ಅತ್ತಿಗೆ ಕೂಗಿದರು, ಅತ್ತಿಗೆ ಕೂಗಿದ್ದನ್ನು ನಾನು ಕೂಗಿದೆ. ಆರು ಅಂಕಿ. ಇಂಟರ್ನೆಟ್ ಫೋನು ನಮ್ಮ ಮನೆಗೆ ಬಂದದ್ದು ಹೀಗೆ, ಬಾಯಿಂದ ಬಾಯಿಗೆ.

ಈಗ ಗೋಡೆಗೂಡಿನ ಮೇಲೆ ಒಂದು ಬಿಳಿ ಮೋಡೆಮ್ ಕೂತಿದೆ. ಹಿಂಬದಿಯಲ್ಲಿ ಫೋನಿಗೊಂದು ತೂತು. ಅಮ್ಮನ ಫೋನಿನ ವಯರನ್ನು ಅದಕ್ಕೆ ಸಿಕ್ಕಿಸಿದ್ದಾರೆ. ಫೋನಿಗೆ ಬೇಕಾದ ಕರೆಂಟನ್ನು, ಗಂಟೆಯನ್ನು ಕೊಡುವುದು ಈಗ ಆ ಡಬ್ಬಿ. ಫೋನು ತಾನಿನ್ನೂ ಎಕ್ಸ್‌ಚೇಂಜಿಗೇ ಅಂಟಿಕೊಂಡಿದ್ದೇನೆ ಅಂದುಕೊಂಡಿದೆ. ಅಮ್ಮ ಆಡಿದ ಮಾತನ್ನು ಡಬ್ಬಿ ಸೆಕೆಂಡಿಗೆ 8,000 ಸಲ ಅಳೆದು ಅಂಕಿ ಮಾಡುತ್ತದೆ. ಆ ಅಂಕಿಗಳನ್ನು ಸೆಕೆಂಡಿನ ಐವತ್ತನೇ ಒಂದು ಪಾಲಿಗೆ ಒಂದರಂತೆ ಪೊಟ್ಟಣ ಕಟ್ಟಿ, ವಿಳಾಸ ಬರೆದು ಕಳಿಸುತ್ತದೆ. ಒಂದೇ ಒಂದು 'ಅಯ್ಯೋ' ಹೋಗಬೇಕಾದರೆ ಹತ್ತಿಪ್ಪತ್ತು ಪೊಟ್ಟಣ. ದಾರಿಯಲ್ಲಿ ಒಂದೆರಡು ಕಳೆದುಹೋದರೆ ಆಚೆ ತುದಿಯವರ ಯಂತ್ರ ಹಿಂದಿನದನ್ನು ನೋಡಿ ಅಂದಾಜಿಗೆ ತುಂಬಿಸಿಕೊಳ್ಳುತ್ತದೆ.

ನ್ಯಾಯವಾಗಿ ಹೇಳಬೇಕೆಂದರೆ ಮಾತನ್ನು ಅಂಕಿ ಮಾಡುವುದು ಹೊಸದೇನಲ್ಲ. ಕಿತ್ತೂರಿನಲ್ಲಿ ಕೂರಿಸಿದ ಯಂತ್ರವೂ ಅದನ್ನೇ ಮಾಡುತ್ತಿತ್ತು. ಆದರೆ ಆ ಕೆಲಸ ಎಕ್ಸ್‌ಚೇಂಜಿನ ಕಟ್ಟಡದಲ್ಲಿ ನಡೆಯುತ್ತಿತ್ತು. ಮನೆಯಿಂದ ಅಲ್ಲಿಯವರೆಗಿನ ತಾಮ್ರದಲ್ಲಿ ಅಮ್ಮನ ದನಿ ದನಿಯಾಗಿಯೇ ಹೋಗುತ್ತಿತ್ತು. ಈಗ ಗೋಡೆಗೂಡಿನಲ್ಲೇ ಅಂಕಿಯಾಗುತ್ತದೆ. ಎಕ್ಸ್‌ಚೇಂಜಿನ ಒಂದು ಚೂರನ್ನು ಕಿತ್ತು ತಂದು ನಮ್ಮ ಮನೆಯಲ್ಲಿಟ್ಟು, 'ಇನ್ನು ನೀವೇ ನೋಡಿಕೊಳ್ಳಿ' ಅಂದ ಹಾಗೆ.

ಮಾರನೇ ದಿನ ಬೆಳಿಗ್ಗೆ ಅಮ್ಮ ಎಂದಿನಂತೆ ರಿಸೀವರ್ ಎತ್ತಿದಳು. 'ಇದು ಆ ಶಬ್ದ ಅಲ್ಲ' ಅಂದಳು.

'ಡಯಲ್ ಟೋನ್ ಅಲ್ವೇನೇ ಅಮ್ಮ, ಅದೇ.'

'ಅಲ್ಲ. ಅದು ದೂರದಿಂದ ಬರ್ತಿತ್ತು. ಇದು ಇಲ್ಲೇ ಎಲ್ಲೋ ಕೂತು ಊದಿದ ಹಾಗಿದೆ.'

ನಾನು ನಕ್ಕೆ. ರಾತ್ರಿ ಕೂತು ಓದಿದ ಮೇಲೆ ನಗು ಹೋಯಿತು. ಅಮ್ಮ ಹೇಳಿದ್ದು ಅಕ್ಷರಶಃ ನಿಜ. ಮೊದಲು ಡಯಲ್ ಟೋನ್ ಎಕ್ಸ್‌ಚೇಂಜಿನಿಂದ ಬರುತ್ತಿತ್ತು. ಆರು ಕಿಲೋಮೀಟರ್ ತಾಮ್ರ, ಎಲ್ಲ ಜಾಯಿಂಟು, ಎಲ್ಲ ಕಂಬ ಸರಿಯಿದ್ದರೆ ಮಾತ್ರ ಕೇಳುತ್ತಿತ್ತು. ಈಗ ಆ ಶಬ್ದವನ್ನು ತಯಾರು ಮಾಡುವುದು ಮೋಡೆಮ್ಮೇ. ಇಲ್ಲೇ ಕೂತು ಊದುತ್ತದೆ.

ಇನ್ನೊಂದು ಸಂಗತಿ ಇದಕ್ಕಿಂತ ವಿಚಿತ್ರ. ಹಳೆಯ ಲೈನಿನಲ್ಲಿ ಎರಡೂ ಕಡೆಯವರು ಸುಮ್ಮನಿದ್ದರೂ ಸಣ್ಣಗೆ ಸುಂಯ್ ಅನ್ನುತ್ತಿತ್ತು. ಇಂಟರ್ನೆಟ್ ಫೋನಿನಲ್ಲಿ ಯಾರೂ ಮಾತಾಡದಿದ್ದಾಗ ಪೊಟ್ಟಣ ಕಳಿಸುವುದನ್ನು ನಿಲ್ಲಿಸಿ ಉಳಿಸುವ ವ್ಯವಸ್ಥೆಯೂ ಉಂಟು. ಆಗ ಪೂರ್ತಿ ಮೌನ. ಜನ ಲೈನು ಕಟ್ಟಾಯಿತು ಅಂದುಕೊಂಡು 'ಹಲೋ, ಹಲೋ' ಅನ್ನತೊಡಗುತ್ತಾರೆ. ಅದಕ್ಕಾಗಿ ಕೇಳುವವನ ಕಡೆಯ ಯಂತ್ರ ಬೇಕಂತಲೇ ಒಂದಿಷ್ಟು ಸುಳ್ಳು ಸುಂಯ್ ಹುಟ್ಟಿಸಿ ಕಿವಿಗೆ ಬಿಡುತ್ತದೆ. ಎಂಜಿನಿಯರುಗಳು ಅದಕ್ಕೆ 'ಕಂಫರ್ಟ್ ನಾಯ್ಸ್' ಅಂತ ಹೆಸರಿಟ್ಟಿದ್ದಾರೆ. ನೆಮ್ಮದಿಯ ಸದ್ದು! ಮಗು ಮಲಗುವವರೆಗೂ ಪಕ್ಕದಲ್ಲಿ ಹೂಂಗುಡುತ್ತಿರುತ್ತೇವಲ್ಲ, ಅಂಥದ್ದು.

ಕಪ್ಪು ಫೋನನ್ನು ಅಮ್ಮ ಅಟ್ಟದಲ್ಲಿಟ್ಟಿದ್ದಳು. ತಂದು ಒರೆಸಿ ಇದಕ್ಕೂ ಸಿಕ್ಕಿಸಿ ನೋಡಿದೆ. ಶಬ್ದ ಕೇಳಿತು. ಮಾತಾಡಲು ಬಂತು. ಗಂಟೆ ಹೊಡೆಯಿತು, ಆದರೆ ಜ್ವರ ಬಂದವರ ದನಿಯಲ್ಲಿ. ಮೋಡೆಮ್ಮಿಗೆ ಅಷ್ಟು ದಪ್ಪ ಗಂಟೆ ಬಡಿಯುವ ಕಸುವಿಲ್ಲ. ಡಯಲ್ ತಿರುಗಿಸಿದರೆ ಮಾತ್ರ ಏನೂ ಆಗಲಿಲ್ಲ. ಆ ಕಟ್ಟು, ಕೂಡು, ಕಟ್ಟು, ಕೂಡು ಲೆಕ್ಕ ಈ ಡಬ್ಬಿಗೆ ಅರ್ಥವೇ ಆಗುವುದಿಲ್ಲ. ಅಣ್ಣ ಬಂದು ಗುಬುಟನ್ನು ಟಕ ಟಕ ಒತ್ತಿ ನೋಡಿದ. ಊಹೂಂ. 'ಅಪ್ಪನ ಬೀಗಕ್ಕಿಂತ ಇದು ಗಟ್ಟಿ ಮಾರಾಯ' ಅಂದ.

ಒಳ್ಳೆಯದನ್ನೂ ಹೇಳಬೇಕು. ಗೊರಗೊರ ಹೋಯಿತು. ಕೊಪ್ಪದಲ್ಲಿರುವ ಚಿಕ್ಕಮ್ಮ ಫೋನಿನಲ್ಲಿ ಎಲೆಯಡಿಕೆ ಜಗಿಯುವುದೂ ಕೇಳುತ್ತದೆ ಅಂತ ಅಮ್ಮ ದೂರುತ್ತಾಳೆ. ಎಲ್ಲಿಗೆ ಎಷ್ಟು ಹೊತ್ತು ಮಾತಾಡಿದರೂ ತಿಂಗಳಿಗೆ 500ರ ಆಚೀಚೆ, ಇಂಟರ್ನೆಟ್ಟೂ ಸೇರಿ. ಎಸ್‌ಟಿಡಿ ಅಂದರೆ ಗಡಿಯಾರ ನೋಡುತ್ತಾ ಮಾತಾಡುತ್ತಿದ್ದ ನಮ್ಮ ಮನೆಯಲ್ಲಿ ಈಗ ಯಾರೂ ಗಡಿಯಾರ ನೋಡುವುದಿಲ್ಲ. ಅಮ್ಮನ ನಂಬರಿನ ಪುಸ್ತಕ ಮಾತ್ರ ಹಳೆಯದೇ. ವಯರಿನ ಫೋನಿನಿಂದ ಮೊಬೈಲಿಗೆ ಮಾಡುವಾಗ ಮೊದಲು ಸೊನ್ನೆ ಒತ್ತಬೇಕು ಅಂತ 2021ರ ಜನವರಿ 15ರಿಂದ ನಿಯಮ ಬಂತಲ್ಲ, ಆಗ ಅವಳು ಒಂದು ಮಧ್ಯಾಹ್ನ ಕೂತು ಎಲ್ಲ ನಂಬರಿನ ಹಿಂದೆ ಕೆಂಪು ಪೆನ್ನಿನಲ್ಲಿ ಸೊನ್ನೆ ಬರೆದಿದ್ದಳು. ಪುಟ ತೆಗೆದರೆ ಕುಂಕುಮದ ಬೊಟ್ಟಿನ ಸಾಲು.

ಮೋಡೆಮ್ಮಿನ ದೀಪಗಳನ್ನೂ ಕಲಿತಳು. ಹಸಿರು ಇದ್ದರೆ ಸರಿ. ಎಳೆ ಎಲ್ಲಾದರೂ ತುಂಡಾದರೆ ಕೆಂಪು ದೀಪ ಮಿಣುಕುತ್ತದೆ. ಅದರ ಹೆಸರು ಎಲ್ಒಎಸ್. ಜೋಡಿಸಿದ ಹುಡುಗರು ಅದನ್ನು 'ಲಾಸ್' ಅನ್ನುತ್ತಾರೆ. ಈಗ ಅಮ್ಮನೂ ಅಷ್ಟೇ. 'ನಿನ್ನೆ ಸಂಜೆಯಿಂದ ಲಾಸು' ಅಂತ ಅವಳು ಯಾರಿಗೋ ಹೇಳುವುದನ್ನು ಕೇಳಿ ಅಡಿಕೆ ಮಂಡಿಯವರು ಗಾಬರಿಯಾಗಿದ್ದೂ ಉಂಟು.

ಜುಲೈ ಬಂತು.

ನಮ್ಮ ಕಡೆ ಜುಲೈ ಅಂದರೆ ಗೊತ್ತಲ್ಲ. ಆಗುಂಬೆಯ ಮಳೆ ನಮ್ಮ ಮಾಡಿನ ಮೇಲೂ ಬೀಳುತ್ತದೆ. ಒಂದು ಮಂಗಳವಾರ ಮಧ್ಯಾಹ್ನ ಗಾಳಿಗೆ ಮರ ಬಿದ್ದು ಕರೆಂಟು ಹೋಯಿತು. ಮೋಡೆಮ್ಮಿಗೆ ನಾನು ಆನ್‌ಲೈನಿನಲ್ಲಿ ತರಿಸಿದ ಪುಟ್ಟ ಯುಪಿಎಸ್ ಇತ್ತು, ಕೈಯಗಲದ್ದು. ನಾಲ್ಕು ಗಂಟೆ ನಡೆಸಿ ಅದೂ ಕಣ್ಣು ಮುಚ್ಚಿತು. ಅಮ್ಮ ರಿಸೀವರ್ ಎತ್ತಿದಳು. ಸುಂಯ್ ಕೂಡ ಇಲ್ಲ. ಪ್ಲಾಸ್ಟಿಕ್ ಚಿಪ್ಪು ಕಿವಿಗೆ ಹಿಡಿದ ಹಾಗೆ. ಬುಧವಾರವೂ ಕರೆಂಟು ಬರಲಿಲ್ಲ.

ಚಿಕ್ಕಮ್ಮ ಪ್ರತಿ ಬುಧವಾರ ಸಂಜೆ ಏಳಕ್ಕೆ ಫೋನ್ ಮಾಡುತ್ತಾಳೆ. ಇದು ಮೂವತ್ತು ವರ್ಷದ ರೂಢಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಹಳೆಯ ತಾಮ್ರದ ಲೈನು ಎಲ್ಲೋ ತುಂಡಾಗಿ ಬಿದ್ದಿದ್ದರೂ ಫೋನ್ ಮಾಡಿದವರಿಗೆ ಆಚೆ ಕಡೆ ಗಂಟೆ ಹೊಡೆಯುತ್ತಿರುವ ಸದ್ದೇ ಕೇಳುತ್ತಿತ್ತು. ಆ ಸದ್ದನ್ನು ಕೊಡುತ್ತಿದ್ದದ್ದು ಎಕ್ಸ್‌ಚೇಂಜು. ನಮ್ಮ ಮನೆಯಲ್ಲಿ ಫೋನು ಸತ್ತು ಬಿದ್ದಿರಲಿ, ಚಿಕ್ಕಮ್ಮನ ಕಿವಿಯಲ್ಲಿ ಅದು ಚೆನ್ನಾಗಿಯೇ ಹೊಡೆದುಕೊಳ್ಳುತ್ತಿತ್ತು. ಅವಳು 'ಎತ್ತೋರಿಲ್ಲ, ಅಕ್ಕ ಕೊಟ್ಟಿಗೆಗೆ ಹೋಗಿರಬೇಕು' ಅಂದುಕೊಳ್ಳುತ್ತಿದ್ದಳು. ಮಾರನೇ ದಿನ ಮಾಡುತ್ತಿದ್ದಳು. ಎಷ್ಟು ಮಳೆಗಾಲ ಹೀಗೆ ಕಳೆದಿದೆಯೋ. ಆ ಸುಳ್ಳು ಗಂಟೆ ಅವಳನ್ನು ನೆಮ್ಮದಿಯಾಗಿ ಮಲಗಿಸುತ್ತಿತ್ತು.

ಈಗಿನ ಫೋನು ಹಾಗಲ್ಲ. ಮನೆಯ ಮೋಡೆಮ್ ಆರಿದರೆ ಅದು ಆಚೆಯ ಯಂತ್ರಕ್ಕೆ ಗೊತ್ತಾಗುತ್ತದೆ. ಫೋನ್ ಮಾಡಿದವರಿಗೆ ರೆಕಾರ್ಡಿಂಗ್ ಹೆಂಗಸಿನ ದನಿ ಬರುತ್ತದೆ. ನೀವು ಕರೆ ಮಾಡಿದವರು ಸಿಗುತ್ತಿಲ್ಲ ಅಂತ, ಮೂರು ಭಾಷೆಯಲ್ಲಿ. ಚಿಕ್ಕಮ್ಮ ಆ ನಂಬರಿನಲ್ಲಿ ಜೀವಮಾನದಲ್ಲೇ ಇಂಥ ಮಾತು ಕೇಳಿರಲಿಲ್ಲ. ಎಂಟಕ್ಕೆ ಮಾಡಿದಳು, ಒಂಬತ್ತಕ್ಕೆ ಮಾಡಿದಳು. ಅದೇ ಹೆಂಗಸು, ಅದೇ ಮಾತು. ಅಣ್ಣನ ಮೊಬೈಲಿಗೆ ಮಾಡಿದರೂ ಅದೇ. ಆ ವಾರ ಎಲ್ಲೆಲ್ಲೋ ಗುಡ್ಡ ಕುಸಿದ ಸುದ್ದಿ ಟಿವಿಯಲ್ಲಿ ಬರ್ತಾ ಇತ್ತು.

ಗುರುವಾರ ಬೆಳಿಗ್ಗೆ ಏಳೂವರೆಗೆ ಚಿಕ್ಕಮ್ಮನ ಮಗ ಬೈಕಿನಲ್ಲಿ ಬಂದು ಅಂಗಳದಲ್ಲಿ ನಿಂತ. ರೇನ್‌ಕೋಟಿನಿಂದ ನೀರು ಸುರೀತಾ ಇತ್ತು, ತುಟಿ ನೀಲಿ. ಅಮ್ಮ ಹಿಟ್ಟು ಬೀಸುವುದಕ್ಕೆ ಕರೆಂಟಿಲ್ಲ ಅಂತ ಗೊಣಗುತ್ತಾ ಒರಳಲ್ಲಿ ರುಬ್ಬುತ್ತಿದ್ದಳು. ಇವನನ್ನು ನೋಡಿ ಅವಳಿಗೇ ಎದೆ ಧಸಕ್ಕೆಂದಿತು.

'ಎಂಥಾ ಆಯ್ತಾ? ನಿಮ್ಮಮ್ಮ ಹುಷಾರಿದ್ದಾಳಾ?'

'ನಿಮಗೆ ಎಂಥಾ ಆಯ್ತು ಅಂತ ನೋಡೋಕೆ ಬಂದಿದ್ದು ದೊಡ್ಡಮ್ಮ!'

ಎರಡು ಕಡೆಯವರೂ ಹೆದರಿ, ಎರಡು ಕಡೆಯವರೂ ಚೆನ್ನಾಗಿದ್ದರು. ಅವನು ನಾಲ್ಕು ದೋಸೆ ತಿಂದು ವಾಪಸು ಹೊರಟ. ಕಂಪನಿಗೆ ದೂರು ಕೊಟ್ಟಿದ್ದಕ್ಕೆ 'ನಿಮ್ಮ ದೂರು ಪರಿಹಾರವಾಗಿದೆ' ಅಂತ ಮೆಸೇಜು ಬಂದಿತ್ತಂತೆ. ಸಿಗ್ನಲ್ಲಿಲ್ಲದ ಮೊಬೈಲಿಗೆ. ಅಣ್ಣ ಅದನ್ನು ಓದಿದ್ದು ಎಂಟು ದಿನ ಬಿಟ್ಟು, ಹಲಸಿನ ಮರದ ಕೆಳಗೆ.

ಇಂಗ್ಲೆಂಡಿನಲ್ಲಿರುವ ನನ್ನ ಅಕ್ಕನಿಗೆ ಈ ಕತೆ ಹೇಳಿದೆ. ಅಲ್ಲಿ ಇದು ಮನೆಮನೆಯ ಇಷ್ಟವಲ್ಲ, ದೇಶಕ್ಕೆ ದೇಶವೇ ಹಳೆಯ ಫೋನು ಜಾಲವನ್ನು ಮುಚ್ಚುತ್ತಿದೆ. 2025ರ ಡಿಸೆಂಬರಿಗೆ ಮುಗಿಸುತ್ತೇವೆ ಅಂದಿದ್ದವರು ಅದನ್ನು 2027ರ ಜನವರಿಗೆ ಮುಂದೂಡಿದರು. ಒಂಟಿಯಾಗಿರುವ ಮುದುಕರು ಕೊರಳಿಗೆ ಒಂದು ಗುಂಡಿ ಹಾಕಿಕೊಂಡಿರುತ್ತಾರೆ. ಬಿದ್ದರೆ ಅದನ್ನು ಒತ್ತಬೇಕು, ಸಹಾಯ ಬರುತ್ತದೆ. ಆ ಗುಂಡಿಗಳಲ್ಲಿ ಎಷ್ಟೋ ಹಳೆಯ ತಾಮ್ರದ ಲೈನನ್ನೇ ನಂಬಿಕೊಂಡಿದ್ದವು. ಲೈನು ಬದಲಿಸಿದಾಗ ಕೆಲವರ ಗುಂಡಿ ಕೆಲಸ ಮಾಡಲಿಲ್ಲ. ಗಲಾಟೆಯಾಯಿತು. ಹೊಸ ಫೋನು ಬಿಟ್ಟರೆ ಬೇರೆ ದಾರಿಯಿಲ್ಲದವರಿಗೆ ಕರೆಂಟು ಹೋದಾಗ ಕನಿಷ್ಠ ಒಂದು ಗಂಟೆ ತುರ್ತು ಕರೆ ಮಾಡಲು ಕಂಪನಿಯವರೇ ವ್ಯವಸ್ಥೆ ಮಾಡಿಕೊಡಬೇಕು ಅಂತ ಅಲ್ಲಿನ ಫೋನು ಕಂಪನಿಗಳ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ಹೇಳಿದೆ.

ಒಂದು ಗಂಟೆ! ಅಮ್ಮನಿಗೆ ಹೇಳಿದೆ. 'ಅವರಲ್ಲಿ ಆಷಾಢ ಇಲ್ವೇನೋ' ಅಂದಳು.

ಆಮೇಲೆ ನಾನೂ ಅಣ್ಣನೂ ಕೂತು ಲೆಕ್ಕ ಹಾಕಿದೆವು. ಫೈಬರಿಗೆ ದಾರಿಯ ನಡುವೆ ಎಲ್ಲೂ ಕರೆಂಟು ಬೇಡ. ಒಂದು ಎಳೆಯ ಬೆಳಕನ್ನು ಹತ್ತಾರು ಮನೆಗೆ ಹಂಚುವ ಕಂಬದ ಮೇಲಿನ ಡಬ್ಬಿಗೂ ಬೇಡ. ಬರೀ ಗಾಜು. ಕರೆಂಟು ಬೇಕಾಗುವುದು ಎರಡು ತುದಿಗೆ ಮಾತ್ರ. ಒಂದು ತುದಿ ಅವರ ಆಫೀಸು. ಇನ್ನೊಂದು ತುದಿ ನಾವು. ಅವರ ತುದಿಗೆ ಬ್ಯಾಟರಿ, ಜನರೇಟರ್ ಎಲ್ಲ ಇದೆ. ನಮ್ಮ ತುದಿಯಲ್ಲಿ ಇರುವುದು ಅಮ್ಮ ಮತ್ತು ಒಂದು ಪ್ಲಗ್ಗು.

ಮನೆಯಲ್ಲಿ ಇನ್ವರ್ಟರ್ ಇತ್ತು, ಆದರೆ ಅದರ ಲೈನು ಗೋಡೆಗೂಡಿನ ಪ್ಲಗ್ಗಿಗೆ ಬರುತ್ತಿರಲಿಲ್ಲ. ಎಳೆಸಿದೆವು. ಮೋಡೆಮ್ ತಿನ್ನುವುದು ಹತ್ತು ಹನ್ನೆರಡು ವಾಟು. ಟಿವಿ, ಫ್ಯಾನು ಹಾಕದೆ ಇದ್ದರೆ 150 ಆಂಪಿಯರ್-ಅವರ್‌ನ ಬ್ಯಾಟರಿಯಲ್ಲಿ ಮೂರು ದಿನಕ್ಕೆ ತೊಂದರೆಯಿಲ್ಲ. ಟಿವಿ ಹಾಕಬಾರದು ಅನ್ನುವುದು ಕಷ್ಟದ ಭಾಗ. ಧಾರಾವಾಹಿಯೋ, ಫೋನೋ ಅಂತ ಅತ್ತಿಗೆಗೂ ಅಮ್ಮನಿಗೂ ಸಣ್ಣ ಮಾತುಕತೆ ಆಗುತ್ತಿರುತ್ತದೆ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವುದು ಈಗ ಅಮ್ಮನದೇ ಕೆಲಸ. ಹಿಂದೆ ಎಕ್ಸ್‌ಚೇಂಜಿನ ಬ್ಯಾಟರಿ ಕೋಣೆಯಲ್ಲಿ ಒಬ್ಬರು ಅದನ್ನು ಮಾಡುತ್ತಿದ್ದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದದ್ದು ನನಗೆ ನೆನಪಿದೆ, ಆಸಿಡ್ ವಾಸನೆ ಸಮೇತ. ಅವರಿಗೆ ಸರ್ಕಾರ ಸಂಬಳ ಕೊಡುತ್ತಿತ್ತು.

ಇನ್ನು ಸಿಡಿಲಿನ ವಿಷಯ. ತಾಮ್ರದ ಕಾಲದಲ್ಲಿ ಮೋಡ ಕಪ್ಪಾದರೆ ಸಾಕು, ಮನೆಯಲ್ಲಿ ಒಂದು ಕೂಗು ಏಳುತ್ತಿತ್ತು: 'ಫೋನಿನ ವಯರು ತೆಗೀರೋ!' ಒಂದು ಸಿಡಿಲು ಕಂಬದ ತಂತಿ ಹಿಡಿದು ಬಂದರೆ ಫೋನು ಸುಟ್ಟು ಕರಕಲು. ನಮ್ಮ ಎರಡು ಫೋನು ಹಾಗೆ ಹೋಗಿವೆ. ಫೈಬರ್ ಬಂದಾಗ ನಾನು ಅಮ್ಮನನ್ನು ಕೂರಿಸಿ ಹೇಳಿದ್ದೆ. ಇದು ಗಾಜಿನ ದಾರ, ಇದರಲ್ಲಿ ಬರೋದು ಬೆಳಕು, ಕರೆಂಟಲ್ಲ. ಸಿಡಿಲಿಗೂ ಇದಕ್ಕೂ ಸಂಬಂಧ ಇಲ್ಲ. ಇನ್ನು ವಯರು ತೆಗೆಯೋದು ಬೇಡ.

'ಅದು ಸಿಡಿಲಿಗೆ ಗೊತ್ತಾ?' ಅಂದಿದ್ದಳು.

ಅಕ್ಟೋಬರಿನ ಒಂದು ಸಂಜೆಯ ಸಿಡಿಲಿಗೆ ತೋಟದಾಚೆಯ ಮನೆಯವರ ಮೋಡೆಮ್ ಸುಟ್ಟಿತು. ಗಾಜಿಗೆ ಏನೂ ಆಗಿರಲಿಲ್ಲ. ಆದರೆ ಮೋಡೆಮ್ಮಿಗೆ ಕರೆಂಟು ಕೊಡುವ ವಯರು ತಾಮ್ರದ್ದೇ ತಾನೇ. ಜೊತೆಗೆ ಆ ಗಾಜಿನೆಳೆಯನ್ನು ಹೊತ್ತು ತರುವ ಕಪ್ಪು ಕೇಬಲಿನೊಳಗೆ ಉಕ್ಕಿನ ತಂತಿ ಇದೆ ಅಂದೆನಲ್ಲ. ಸಿಡಿಲಿಗೆ ಅದೂ ಒಂದು ದಾರಿಯೇ. ನಮ್ಮದು ಉಳಿಯಿತು, ಯಾಕೆಂದರೆ ಅಮ್ಮ ನನ್ನ ಮಾತು ಕೇಳದೆ ಪ್ಲಗ್ಗು, ಕೇಬಲ್ಲು ಎರಡನ್ನೂ ಕಿತ್ತಿಟ್ಟಿದ್ದಳು.

ಈ ಏಪ್ರಿಲಿನಲ್ಲಿ ನಾನು ಊರಿನಲ್ಲಿದ್ದೆ. ಒಂದು ದಿನ ಮಧ್ಯಾಹ್ನ ಮೂರರ ಹೊತ್ತಿಗೆ ಮಾಳಿಗೆ ಮೇಲೆ ಕೂತು ಆಫೀಸಿನ ಮೀಟಿಂಗಿನಲ್ಲಿದ್ದೆ. ಪಶ್ಚಿಮದ ಕಡೆ ಆಕಾಶ ಕಪ್ಪಾಗತೊಡಗಿತು. ಒಂದು ಸಲ ಗುಡುಗಿತು, ದೂರದಲ್ಲಿ. ಕೆಳಗಿನಿಂದ ಅಮ್ಮನ ಹೆಜ್ಜೆ ಸದ್ದು, ರಿಸೀವರ್ ಎತ್ತಿದ ಸದ್ದು, ಗುಂಡಿ ಒತ್ತಿದ ಸದ್ದು.

'ಹಲೋ, ನಾನು ಕಣೇ. ಗುಡುಗ್ತಾ ಇದೆ ಇಲ್ಲಿ. ವಯರು ತೆಗೀತೀನಿ ಈಗ. ಫೋನು ಹತ್ಲಿಲ್ಲ ಅಂತ ಹೆದರ್ಬೇಡ, ಆ ಹುಡುಗನ್ನ ಓಡಿಸ್ಬೇಡ. ರಾತ್ರಿ ಎಂಟಕ್ಕೆ ಮತ್ತೆ ಹಾಕ್ತೀನಿ, ಆಗ ಮಾಡು. ಹೂಂ. ಹೂಂ. ಇಡ್ಲಾ?'

'ಅಮ್ಮಾ, ಒಂದ್ನಿಮಿಷ! ಮೀಟಿಂಗಲ್ಲಿದೀನಿ' ಅಂತ ಕೂಗಿದೆ.

ನನ್ನ ಮುಂದಿನ ಸ್ಕ್ರೀನಿನಲ್ಲಿ ಮ್ಯಾನೇಜರು ಬಾಯಿ ತೆರೆದುಕೊಂಡೇ ನಿಂತುಬಿಟ್ಟರು.